ಹಾವುನಾಲಿಗೆಯ ತೆನೆ

ಆ ಪುಟ್ಟ ದ್ವೀಪದ ಮಕ್ಕಳಿಗೆ ಬೇಸಿಗೆ ರಜೆ ಪೂರಾ ರಜೆಯಲ್ಲ. ಐವತ್ತು ಗಿಡ ಕಿತ್ತು, ಒತ್ತಿ ಒಣಗಿಸಿ, ಹಾಳೆಗೆ ಅಂಟಿಸಿ, ಹೆಸರು ಬರೆದು ತರಬೇಕು. ಶಾಲೆ ತೆರೆದ ವಾರ ಯೋರ್ಡಿಸ್ ಟೀಚರ್ ಆ ಹಾಳೆಗಳನ್ನು ಮೇಜಿನ ಮೇಲೆ ನಾಲ್ಕು ಗುಡ್ಡೆ ಮಾಡಿಸುತ್ತಿದ್ದರು: ಹಾವಸೆ, ಜರೀಗಿಡ, ಪೈನ್ ಜಾತಿಯ ಮರ, ಹೂ ಬಿಡುವ ಗಿಡ. ತಪ್ಪು ಗುಡ್ಡೆಗೆ ಇಟ್ಟವರ ಕಥೆ ಮುಗಿದಂತೆಯೇ.

ಮೀನುಗಾರನ ಮಗಳು ರೂನಾ ಜರೀಗಿಡದ ಗುಡ್ಡೆಗೆ ಒಂದು ಹಾಳೆ ಇಟ್ಟಳು. ಒಂದೇ ಒಂದು ಅಗಲ ಎಲೆ, ಅದರ ಬುಡದಿಂದ ಎದ್ದ ತೆನೆ. ಕೆಳಗೆ ‘ಹಾವುನಾಲಿಗೆ’ ಎಂದು ಬರೆದಿದ್ದಳು.

ಯೋರ್ಡಿಸ್ ಹಾಳೆಯನ್ನು ಕೈಗೆತ್ತಿಕೊಂಡರು. ದ್ವೀಪದ ಗಿಡಗಳ ಪಟ್ಟಿ ಬರೆದವರೇ ಅವರು. ‘ಹಾವುನಾಲಿಗೆ: ಇಲ್ಲಿ ಇಲ್ಲ’ ಎಂದು ಅದರಲ್ಲಿ ಅಚ್ಚಾಗಿತ್ತು. ಇಪ್ಪತ್ತೆಂಟು ಬೇಸಿಗೆ ಮಂಡಿಯೂರಿ ಹುಡುಕಿದರೂ ತಮಗೆ ಸಿಗದ ಗಿಡ ಈ ಮೂಗು ಸೋರುವ ಹುಡುಗಿಗೆ ಸಿಕ್ಕಿತೇ?

“ಎಲ್ಲಿ ಸಿಕ್ತೇ ಇದು?”

“ನಮ್ಮ ದೋಣಿಮನೆ ಹಿಂದೆ, ಟೀಚರ್. ಹಸು ಮೇಯೋ ಜಾಗದಲ್ಲಿ.”

“ಯಾವುದೋ ಎಲೆಗೆ ಯಾವುದೋ ಹುಲ್ಲಿನ ತೆನೆ ಅಂಟಿಸ್ಕೊಂಡು ಬಂದು ನನ್ನ ಕಿವಿ ಮೇಲೆ ಹೂ ಇಡ್ತೀಯಾ?”

“ಇಲ್ಲ ಟೀಚರ್, ಅದು ಒಂದೇ ಗಿಡ. ತೆನೇಲಿ ಬೀಜ ಇಲ್ಲ, ಬರೀ ಹುಡಿ. ಅದಕ್ಕೇ ಜರೀಗಿಡದ ಜೊತೆ ಇಟ್ಟೆ.”

ಉತ್ತರ ಸರಿಯಾಗಿತ್ತು. ಅದೇ ಅವರನ್ನು ಕೆರಳಿಸಿತು. “ನೋಡ್ರೋ ಎಲ್ಲಾ,” ಎಂದು ತೆನೆಗೆ ಉಗುರು ಹಾಕಿ ಎಳೆದರು. ಚಟ್ಟೆಂದು ಕಿತ್ತು ಬಂತು. ತರಗತಿ ಗೊಳ್ಳೆಂದಿತು.

“ಅಂಟಿನ ರಾಣಿ!” ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು.

ಕಿತ್ತ ಜಾಗದಲ್ಲಿ ಅಂಟು ಇರಲಿಲ್ಲ. ಎಲೆಯ ತೊಟ್ಟಿನ ನಾರೇ ತೆನೆಯೊಳಗೆ ಹೋಗಿ ತುಂಡಾಗಿತ್ತು. ಬೆರಳಿಗೆ ಹಳದಿ ಹುಡಿ ಹತ್ತಿತ್ತು, ಜರೀಗಿಡಗಳಲ್ಲಿ ಬೀಜದ ಬದಲು ಇರುವ ಬೀಜಾಣು. ಯೋರ್ಡಿಸರಿಗೆ ಆ ಕ್ಷಣವೇ ಗೊತ್ತಾಯಿತು. ಗೊತ್ತಾಗಿಯೂ ಬೆರಳನ್ನು ಲಂಗಕ್ಕೆ ಒರೆಸಿಕೊಂಡು, “ಮುಂದಿನವರು ಬನ್ನಿ” ಎಂದರು. ರೂನಾ ಅಳಲಿಲ್ಲ. ತೆನೆ ಹೋದ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

ಎರಡು ದಿನ ಕಳೆಯಿತು. ಲಂಗದ ಮೇಲಿನ ಹಳದಿ ಗೆರೆ ಕಂಡಾಗಲೆಲ್ಲ ನಾಚಿಕೆಯಿಂದ ಮೈ ಹಿಡಿಯಾಯಿತು. ಮಗುವಿನ ಮೇಲೆ ಹೊಟ್ಟೆಕಿಚ್ಚುಪಟ್ಟೆನಲ್ಲ, ಇಷ್ಟು ವಯಸ್ಸಾದ ಮೇಲೆ! ಶನಿವಾರ ದೋಣಿಮನೆಗೆ ಹೋದರು. ಎಲ್ಲರ ಮುಂದೆ ಅವಮಾನ ಮಾಡಿದವರು ಕ್ಷಮೆ ಕೇಳಲು ಮಾತ್ರ ಯಾರೂ ಇಲ್ಲದ ಜಾಗ ಹುಡುಕಿದ್ದರು.

“ತಪ್ಪಾಯ್ತು ರೂನಾ. ನಿಂದೇ ಸರಿ.”

ರೂನಾ ಬಲೆ ಬಿಡಿಸುತ್ತಲೇ ಇದ್ದಳು. “ಇಲ್ಲಿ ಯಾಕೆ ಹೇಳ್ತೀರಿ ಟೀಚರ್? ನಗಾಡಿದವರು ಅಲ್ಲಿದಾರೆ.”

“ಇನ್ನೊಂದು ಗಿಡ ಇದೆಯಾ? ಒಂದ್ಸಲ ತೋರಿಸ್ತೀಯಾ?”

“ಇದೆ. ಅಲ್ಲಿ ಹೇಳಿದ್ಮೇಲೆ ತೋರಿಸ್ತೀನಿ.”

ಸೋಮವಾರ ಯೋರ್ಡಿಸ್ ತರಗತಿಯ ಮುಂದೆ ನಿಂತರು. ಗಿಡ ನಿಜ, ಪಟ್ಟಿ ತಪ್ಪು, ಕಿತ್ತಾಗಲೇ ತಮಗೆ ಗೊತ್ತಾಗಿತ್ತು, ಎಲ್ಲವನ್ನೂ ಹೇಳಿದರು. ಕೊನೆಯ ಮಾತನ್ನು ರೂನಾಳ ಕಡೆ ತಿರುಗಿ ಹೇಳಿದರು. ಯಾರೂ ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು.

ಶಾಲೆ ಬಿಟ್ಟ ಮೇಲೆ ರೂನಾ ಮಾತು ಉಳಿಸಿಕೊಂಡಳು. ಹಸುಗಳ ನಡುವೆ, ಗಿಡ್ಡ ಹುಲ್ಲಿನಲ್ಲಿ, ಹಳದಿಗಟ್ಟಿದ ಒಂದು ಎಲೆ, ಒಂದು ತೆನೆ. ಯೋರ್ಡಿಸ್ ಮಂಡಿಯೂರಿದರು. ಇಪ್ಪತ್ತೆಂಟು ವರ್ಷದ ಆಸೆಗೆ ಕೈ ತಾನಾಗಿಯೇ ಮುಂದೆ ಹೋಯಿತು.

“ಟೀಚರ್, ಕೈ!” ರೂನಾ ಗಾಬರಿಯಿಂದ ಚೀರಿದಳು.

ಯೋರ್ಡಿಸ್ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಹಾಗೆಯೇ ಬಗ್ಗಿ ನೋಡಿದರು.