ಸುಣ್ಣದ ಗೆರೆ

ಕಾರ್ಗಿಲ್ ಯುದ್ಧ ಮುಗಿದ ಮರುವರ್ಷ ಅಲ್ಲಾಸಾಬಣ್ಣ ಮಿಲ್ಟ್ರಿ ಬಿಟ್ಟು ಯರಗಟ್ಟಿಗೆ ಬಂದ. ನಮ್ಮ ಮನೆಯ ಎದುರಿಗೇ ಹಿಟ್ಟಿನ ಗಿರಣಿ ಹಾಕಿದ. ಅದರೊಳಗೆ ಇನ್ನೂ ಒಂದು ಕಾಳು ಬಿದ್ದಿರಲಿಲ್ಲ, ಆಗಲೇ ಬಾಗಿಲಿನಿಂದ ಬೀದಿಯವರೆಗೆ ನೆಟ್ಟಗೆ ಒಂದು ಸುಣ್ಣದ ಗೆರೆ ಎಳೆದ. ಬುಟ್ಟಿ, ಡಬ್ಬಿ ಎಲ್ಲಾ ಆ ಗೆರೆಯ ಮೇಲೇ ಕೂರಬೇಕು. ಮೊದಲು ಬಂದವರದು ಮೊದಲು. ಗೌಡರ ಮನೆಯ ಬುಟ್ಟಿಯಾದರೂ ಅಷ್ಟೇ. ಯಾರಾದರೂ ಸಾಲು ಮುರಿದರೆ ಕೊರಳಲ್ಲಿದ್ದ ಸೀಟಿ ಊದುತ್ತಿದ್ದ.

ನಾನು ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಾ ನೋಡುತ್ತಿದ್ದೆ. ನನಗದು ಚೆಂದ ಕಂಡಿತ್ತು. ನಮ್ಮ ಜೋಳ ಹೊತ್ತು ಮೂಡುವಾಗಲೇ ಎಲ್ಲರಿಗಿಂತ ಮುಂದೆ ಬೀಸಿ ಮನೆ ಸೇರುತ್ತಿತ್ತು.

ಆದರೆ ದಿನ ಹೋದಂತೆ ಗೆರೆಯ ಮೇಲಿನ ಬುಟ್ಟಿ ಕಡಿಮೆಯಾದವು. ಹೆಣ್ಣುಮಕ್ಕಳು ತಲೆಯ ಮೇಲೆ ಬುಟ್ಟಿ ಹೊತ್ತು ನಮ್ಮ ಬೀದಿ ದಾಟಿ ಬಸ್ ಸ್ಟ್ಯಾಂಡಿನ ಹತ್ತಿರದ ಗಂಗಯ್ಯನ ಗಿರಣಿಗೆ ಹೋಗತೊಡಗಿದರು. ಅಲ್ಲಿ ಗೆರೆಯೂ ಇಲ್ಲ, ಕಸ ಹೊಡೆದದ್ದೂ ಇಲ್ಲ. ಗಂಗಯ್ಯ ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದ.

ಒಂದು ದಿನ ಅಲ್ಲಾಸಾಬಣ್ಣನ ಹೆಂಡತಿ ಸೈದಾಬಿ ನನ್ನ ಪಕ್ಕ ಬಂದು ಕೂತಳು.

"ಬಾಯಕ್ಕಾ, ಪುಣೆದಾಗ ಬ್ಯಾಂಕ್ ಕಾಯೋ ನೌಕರಿ ಐತಂತ. ಇವರ ದೋಸ್ತ ಕರ್ಯಾಕ ಹತ್ಯಾನ. ಗಿರಣಿ ನಡೀಲಿಲ್ಲಂದ್ರ ಬಕ್ರೀದಿನೊಳಗ ಹೊಂಟ ಬಿಡ್ತಾರ. ಹದಿನೇಳು ವರ್ಷ ಕಾಗದದಾಗ ಸಂಸಾರ ಮಾಡೇನಿ. ಮತ್ತ ಕಾಗದ ಬರ್ಯಾಕ ನನ್ನ ಕಡೆ ಆಗೂದಿಲ್ಲ."

ಅಲ್ಲಾಸಾಬಣ್ಣನ ಗಿರಣಿ ಯಾಕೆ ಬಿಟ್ಟಿರಿ ಎಂದು ನಾನು ಮೂರು ನಾಲ್ಕು ಮನೆಗೆ ಹೋಗಿ ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. "ಅವರು ಮಿಲ್ಟ್ರಿಯವರವ್ವಾ, ದೊಡ್ಡವರು," ಅಂದು ಒಳಗೆ ಹೋದರು.

ಇದನ್ನೇ ಅಲ್ಲಾಸಾಬಣ್ಣನಿಗೆ ಹೇಳಿದೆ. ಅವನಿಗೆ ಸಿಟ್ಟು ಬರಲಿಲ್ಲ. ತಲೆ ಕೆರೆದುಕೊಂಡ.

"ಗೊತ್ತಿಲ್ಲದ ದಾರಿ ಇದ್ರ ಮೊದಲ ಒಬ್ಬಾಂವ ನಡಕೊಂಡ ಹೋಗಿ ನೋಡಿ ಬರಬೇಕ್ರಿ ಬಾಯಕ್ಕಾ. ಆಮ್ಯಾಲೆ ಗಾಡಿ ಬಿಡಬೇಕು," ಅಂದವನೇ ಮನೆಯ ಗೋಧಿ ಡಬ್ಬಿ ಹೆಗಲಿಗೇರಿಸಿ ಗಂಗಯ್ಯನ ಗಿರಣಿಗೆ ಹೊರಟ. ಏನಾಗುತ್ತದೋ ನೋಡೋಣವೆಂದು ನಾನೂ ಒಂದು ಬುಟ್ಟಿ ಜೋಳ ಹಿಡಿದು ಬೆನ್ನು ಹತ್ತಿದೆ.

ಅವನನ್ನು ಕಂಡು ಗಂಗಯ್ಯ ಎರಡೂ ಕಣ್ಣು ತೆರೆದ.

"ಏನ್ರೀ ಹವಾಲ್ದಾರ್ರ, ನಿಮ್ಮ ಗಿರಣಿ ಕೆಟ್ಟೈತೇನು?"

"ಕೆಟ್ಟೈತಿ. ಎಲ್ಲಿ ಕೆಟ್ಟೈತಿ ಅಂತ ನೋಡಾಕ ಬಂದೇನಿ."

ಹೆಂಗಸರು ಸೆರಗು ಬಾಯಿಗೆ ಹಚ್ಚಿ ನಕ್ಕರು. ಅಲ್ಲಾಸಾಬಣ್ಣ ಡಬ್ಬಿ ಇಟ್ಟು ಅದರ ಹಿಂದೆ ಕುಕ್ಕರಗಾಲಲ್ಲಿ ಕೂತ. ಅಷ್ಟರಲ್ಲಿ ನಮ್ಮ ಓಣಿಯ ಮರೆವ್ವ ಎಲ್ಲರಿಗಿಂತ ತಡವಾಗಿ ಜೋಳ ತಂದಳು. ಗೋಧಿಯವರೆಲ್ಲ ಸರಿದು ಅವಳ ಬುಟ್ಟಿಗೂ ನನ್ನ ಬುಟ್ಟಿಗೂ ದಾರಿ ಬಿಟ್ಟರು. ಅಲ್ಲಾಸಾಬಣ್ಣನ ಕೈ ಸೀಟಿಗೆ ಹೋಯಿತು, ಹಾಗೇ ಕೆಳಗಿಳಿಯಿತು. ಜೋಳ ಪೂರಾ ಮುಗಿದ ಮೇಲೆ ಗಂಗಯ್ಯ ಎದ್ದು ಕಲ್ಲು ಬಿಗಿ ಮಾಡಿದ, ತನ್ನದೇ ಚೀಲದಿಂದ ಒಂದು ಬೊಗಸೆ ಗೋಧಿ ಹಾಕಿ ಬೀಸಿದ, ಬಂದ ಹಿಟ್ಟನ್ನು ಬೇರೆ ಬುಟ್ಟಿಗೆ ತೆಗೆದ.

"ಅದ್ಯಾರಿಗೆ?" ಅಲ್ಲಾಸಾಬಣ್ಣ ಕೇಳಿದ.

"ನಮ್ಮ ಎಮ್ಮಿಗೆ. ಕಲ್ಲಿನಾಗ ಜ್ವಾಳ ಉಳದಿರತೈತಲ್ರಿ."

ಆಗ ಗೋಧಿ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದ ನಮ್ಮ ಓಣಿಯ ಶಟ್ಟೆವ್ವನಿಗೆ ತಡೆಯಲಾಗಲಿಲ್ಲ. "ಯಣ್ಣಾ, ನಿಮ್ಮ ಸಾಲಿನಾಗ ನನ್ನ ಗೋಧಿ ಮುಂದೊಂದು ಜ್ವಾಳ, ಹಿಂದೊಂದು ಕಡ್ಲಿ. ಅದ ಹಿಟ್ಟಿಲೆ ಹೋಳಿಗಿ ಮಾಡಿದೆ. ಕಣಕ ಟರ್‍ರಂತ ಹರದು ಹೂರಣೆಲ್ಲಾ ಹಂಚಿಗೆ ಹತ್ತಿತು. ಬೀಗರ ಮುಂದ ನನ್ನ ಮಾನಾನ ಸುಟ್ಟಂಗಾತು."

"ಹೇಳಬಾರದೇನವ್ವಾ?"

"ಸೀಟಿ ಊದೋರಿಗೆ ಏನಂತ ಹೇಳೂದ್ರಿ?"

ಹಿಟ್ಟು ಹೊತ್ತು ಇಬ್ಬರೂ ಮನೆಯ ದಾರಿ ಹಿಡಿದೆವು. ನನಗೆ ಅವ್ವನ ಬೀಸುವ ಪದ ನೆನಪಾಗುತ್ತಿದ್ದವು. ಮೊದಲು ಕಲ್ಲಿಗೆ ಒಂದು ನುಡಿ, ಆಮೇಲೆ ಶಿವನಿಗೆ, ಆಮೇಲೆ ತವರಿಗೆ. ಯಾವುದು ಮೊದಲು ನೆನಪಾಯಿತೋ ಅದನ್ನೇ ಅವಳು ಮೊದಲು ಹಾಡುತ್ತಿರಲಿಲ್ಲ.

ಅದನ್ನು ಹೇಳಿದರೆ ಅವನು ರಸ್ತೆಯ ಮಧ್ಯದಲ್ಲೇ ನಿಂತುಬಿಟ್ಟ.

"ಹಿಮದ ದಾರಿಯೊಳಗೂ ಹಂಗ ಬಾಯಕ್ಕಾ! ನಾ ಅಲ್ಲಿ ಲಾರಿ ಹೊಡದಾಂವ. ಸಾಲಾಗಿ ಗಾಡಿ ಬಿಡಬೇಕಾದ್ರ ಮೊದಲ ಬಂದದ್ದು ಮೊದಲ ಅಲ್ಲ. ಭಾರ ಹೊತ್ತು ಸಾವಕಾಶ ಹೋಗೂವು ಮುಂದ, ಹಗೂರ ಇದ್ದವು ಹಿಂದ. ಎಲ್ಲಾ ಕೂಡಿ ಮುಟ್ಟಬೇಕಲ್ಲ. ಊಟಕ್ಕ ತಾಟು ಹಿಡಕೊಂಡು ನಿಲ್ಲೂ ಸಾಲು ಒಂದ ನೆನಪಿಟ್ಟೆ ನಾ. ದಾರೀದು ಮರತೆ."

ಮರುದಿನ ಬೆಳಗ್ಗೆ ನೋಡಿದರೆ ಗಿರಣಿ ಮುಂದೆ ಮೂರು ಗೆರೆ: ಜೋಳ, ಗೋಧಿ, ಕಡಲೆ. ಸೀಟಿ ಮೊಳೆಗೆ ನೇತಾಡುತ್ತಿತ್ತು. ಆದರೆ ಬೀದಿಯಲ್ಲಿ ಯಾರೂ ಇಲ್ಲ. ಪುಣೆಯ ದೋಸ್ತನಿಗೆ ನೌಕರಿಯ ಉತ್ತರ ಕೊಡಬೇಕಾದ ದಿನವೂ ಅದೇ. ಸೈದಾಬಿ ಬಾಗಿಲಲ್ಲಿ ನಿಂತಿದ್ದಳು, ತುಟಿ ಏನೋ ಪಠಿಸುತ್ತಿದ್ದವು. ನಾನೂ ನನ್ನ ದೇವರನ್ನು ನೆನೆದೆ.

ಹೊತ್ತೇರಿದ ಮೇಲೆ ಶಟ್ಟೆವ್ವ ಬಂದಳು. ತಲೆಯ ಮೇಲೆ ಗೋಧಿ. ಅವಳ ಹಿಂದೆ ಮರೆವ್ವ, ಜೋಳದ ಬುಟ್ಟಿ ಹೊತ್ತು.

"ಜ್ವಾಳ ಮೊದಲೇನ್ರಿ?" ಶಟ್ಟೆವ್ವ ಪರೀಕ್ಷೆ ಮಾಡುವವಳಂತೆ ಕೇಳಿದಳು.

"ನೀವ ಹೇಳ್ರಿ, ಹಂಗ ಬೀಸತೇನಿ."

ಮರೆವ್ವನ ಜೋಳ ಮುಗಿಯಿತು. ಅಲ್ಲಾಸಾಬಣ್ಣ ಕಲ್ಲು ಬಿಗಿ ಮಾಡಿ, ಮನೆಯ ಡಬ್ಬಿಯಿಂದ ಒಂದು ಬೊಗಸೆ ಗೋಧಿ ಹಾಕಿ, ಬಂದ ಹಿಟ್ಟನ್ನು ಬೇರೆ ತೆಗೆದು, ಆಮೇಲೆ ಶಟ್ಟೆವ್ವನ ಬುಟ್ಟಿಗೆ ಕೈ ಹಾಕಿದ. ಅವಳು ಹಿಟ್ಟನ್ನು ಬೆರಳಲ್ಲಿ ತಿಕ್ಕಿ, ನಾಲಿಗೆಗೆ ಹಚ್ಚಿ ನೋಡಿ, ಅಷ್ಟರಲ್ಲಿ ಬುಟ್ಟಿ ಹಿಡಿದು ಹೊರಗೆ ಬಂದು ನಿಂತಿದ್ದ ಓಣಿಯವರ ಕಡೆ ಹೂಂ ಎಂದು ಕತ್ತು ಆಡಿಸಿದಳು. ಮೂರೂ ಗೆರೆಯ ಮೇಲೆ ಬುಟ್ಟಿಗಳು ಕೂತವು.

ಅದೇ ಹೊತ್ತಿಗೆ ಫೋನ್ ಅಂಗಡಿಯ ಸೋಮಪ್ಪ ಕೂಗಿದ. "ಅಲ್ಲಾಸಾಬಣ್ಣಾ, ಪುಣೆದಿಂದ ಫೋನು!"

"ಗೋಧಿ ಸಾಲು ಇನ್ನೂ ಮುಗದಿಲ್ಲ ಅಂತ ಹೇಳು," ಅಂದ ಅಲ್ಲಾಸಾಬಣ್ಣ, ಕಲ್ಲಿನಿಂದ ಕಣ್ಣು ತೆಗೆಯದೆ.

ಸೈದಾಬಿ ಒಳಗೆ ಹೋದಳು. ಕಣ್ಣೊರೆಸಿಕೊಂಡು ಬಂದಳೆಂದು ಕಾಣುತ್ತದೆ, ಹೊರಬಂದಾಗ ಮುಖ ತೊಳೆದಂತಿತ್ತು. ಬೇರೆ ತೆಗೆದಿಟ್ಟ ಹಿಟ್ಟಿನ ಬುಟ್ಟಿ ಎತ್ತಿಕೊಂಡು ನನ್ನತ್ತ ತಿರುಗಿದಳು.

"ನೋಡ್ರಿ ಬಾಯಕ್ಕಾ, ಇನ್ನ ಮ್ಯಾಲೆ ನಮ್ಮ ಮನಿ ಚಪಾತಿ ದಿನಾ ಹರೀತಾವ. ಗಂಗಯ್ಯನ ಮನ್ಯಾಗ ಎಮ್ಮಿ ಐತಿ. ನಮ್ಮ ಮನ್ಯಾಗ ನಾವಿಬ್ಬರ."