ತಲೆಗಿಷ್ಟು, ಬಾಗಿಲಿಗಿಷ್ಟು

ದವಾಖಾನೆಯ ದಪ್ಪ ಪುಸ್ತಕದಲ್ಲಿ ಎರಡು ಸಾವಿರದ ನೂರ ಹನ್ನೊಂದು ಜನರಿದ್ದರು. ಅಷ್ಟೂ ಜನರನ್ನು ಕಾಯುವವಳು ರಿಜಿಸ್ಟರ್ ಅಕ್ಕ. ಹೊಸದಾಗಿ ಕೆಲಸಕ್ಕೆ ಸೇರಿದಾಗ ಪುಟದ ನೆತ್ತಿಯ ಮೇಲಿದ್ದ 'ತಲಾ ಮೊತ್ತ' ಎಂಬ ಮಾತು ಕಂಡು ಅವಳು ಡಾಕ್ಟರನ್ನೇ ಕೇಳಿದ್ದಳು.

"ತಲೆಗಿಷ್ಟು ಅಂತ, ಅಷ್ಟೇನಮ್ಮ. ಇಲ್ಲಿ ಹೆಸರು ಬರೆಸಿದ ಒಬ್ಬೊಬ್ಬರಿಗೂ ವಿಮೆಯವರು ವರ್ಷಕ್ಕೆ ಇಂತಿಷ್ಟು ಅಂತ ನಮಗೆ ಕೊಡ್ತಾರೆ. ಆ ಮನುಷ್ಯ ನೂರು ಸಲ ಬಂದರೂ ಅಷ್ಟೇ, ಒಂದು ಸಲವೂ ಬರದಿದ್ರೂ ಅಷ್ಟೇ."

"ಬರದೇ ಇರೋರು ಏನು ಸರ್ ಹಾಗಾದ್ರೆ?"

"ಅವರು ದೇವರಂಥೋರು," ಎಂದು ಡಾಕ್ಟರು ನಕ್ಕಿದ್ದರು.

ಡಾಕ್ಟರು ಕೆಟ್ಟವರೇನಲ್ಲ. ಎದೆಗೆ ಸ್ಟೆತಾಸ್ಕೋಪ್ ಇಟ್ಟರೆಂದರೆ ಕಣ್ಣು ಮುಚ್ಚಿ ಕೇಳುವವರು. ಆದರೆ ವಾರಕ್ಕೆ ಮೂರು ಸಲ ಮೊಣಕಾಲು ಹಿಡಿದುಕೊಂಡು ಬರುವ ನಿವೃತ್ತ ಮೇಷ್ಟ್ರು ಗೇಟಿನಲ್ಲಿ ಕಂಡರೆ ಸಾಕು, "ಬಂತು ನೋಡು ನಷ್ಟ, ಕೋಲೂರಿಕೊಂಡು," ಎಂದು ಗೊಣಗುವರು. ಐದು ವರ್ಷ ಇತ್ತ ತಲೆಹಾಕದವರಿಗೆ ಮಾತ್ರ ಚಿನ್ನದ ಅಕ್ಷರದ ಒಂದು ಪ್ರಶಸ್ತಿಪತ್ರ, ಮೇಲೊಂದು ಶುಭಾಶಯದ ಕಾರ್ಡು.

ಅಂಥದೊಂದು ಪತ್ರ ಅಕ್ಕನ ಸ್ವಂತ ತಮ್ಮನ ಬೀಗದ ಅಂಗಡಿಯಲ್ಲಿ, ಗಾಜು ಹಾಕಿಸಿಕೊಂಡು ತೂಗುತ್ತಿತ್ತು. ಗಿರಾಕಿಗಳ ಮುಂದೆ ಅವನು ಬೀಗಿದ್ದೇ ಬೀಗಿದ್ದು. "ಆರು ವರ್ಷ ಆಯ್ತು ಸ್ವಾಮಿ. ಡಾಕ್ಟರ ಜೇಬಿಗೆ ಕೈ ಹಾಕಿದೋನಲ್ಲ ನಾನು."

ಭಾನುವಾರ ಅವನು ಅಕ್ಕನ ಮನೆಗೆ ಬರುವ ವಾಡಿಕೆ. ಮನೆಯಿರುವುದು ಮೂರನೇ ಮಹಡಿಯಲ್ಲಿ. ಈಚೆಗೆ ಅವನು ಒಂದೊಂದು ಮಹಡಿಗೂ ನಿಂತು ಯಾರದೋ ಬಾಗಿಲಿನ ಬೀಗವನ್ನು ಬಗ್ಗಿ ನೋಡತೊಡಗಿದ್ದ. ಈ ಸಲ ಕದ ತೆರೆದು ಕಾಯುತ್ತಿದ್ದ ಅಕ್ಕ ಮೇಲಿನಿಂದ ನೋಡಿದಳು. ಬೀಗದ ಮೇಲೆ ಅವನ ಕೈಯಿತ್ತು, ಕಣ್ಣು ಮುಚ್ಚಿತ್ತು. ಕೆನ್ನೆಯ ಪಕ್ಕ ಬೆವರು ಇಳಿಯುತ್ತಿತ್ತು.

"ಏನೋ ಅದು, ಅವರ ಮನೆ ಬೀಗದ ಮೇಲೆ ನಿನಗೇನು ಕಣ್ಣು?"

"ಬೀಗ... ಅಂದ್ಮೇಲೆ... ನೋಡಬೇಕಾಗತ್ತೆ ಕಣಕ್ಕ."

ಮೂರು ಮಾತಿಗೆ ಮೂರು ಉಸಿರು. ಅವರ ಅಪ್ಪನೂ ಹೀಗೆಯೇ ಮೆಟ್ಟಿಲ ಮೇಲೆ ನಿಂತು ನಿಂತು, ಒಂದು ದಿನ ಮೇಲಕ್ಕೆ ಬರಲೇ ಇಲ್ಲ.

"ನಾಳೆ ದವಾಖಾನೆಗೆ ಬಾ. ನಾನೇ ಮೊದಲ ಚೀಟಿ ಇಟ್ಟಿರ್ತೀನಿ."

"ಹುಚ್ಚೇನಕ್ಕ ನಿನಗೆ? ಅನ್ನ ಕೊಡೋ ಧಣಿಗೆ ನಷ್ಟ ಮಾಡೋಕೆ ನನ್ನನ್ನೇ ಕರೀತೀಯಲ್ಲ! ಪತ್ರ ಕೊಟ್ಟವರ ಮುಂದೆ ಯಾವ ಮುಖ ಇಟ್ಕೊಂಡು ನಿಲ್ಲಲಿ?"

ಮರುದಿನ ಡಾಕ್ಟರ ಕಿವಿಗೂ ವಿಷಯ ಹಾಕಿದಳು. "ಅವನಿಗೇನಾಗತ್ತಮ್ಮ, ಗುಂಡುಕಲ್ಲು ಇದ್ದಂಗಿದಾನೆ," ಎಂದರು ಅವರು. ಅವಳು ಅಲ್ಲೇ ನಿಂತದ್ದು ಕಂಡು, "ಬೇಕಾದ್ರೆ... ಕರ್ಕೊಂಡು ಬಾ," ಎಂದರು. ಆ 'ಬೇಕಾದ್ರೆ' ಎಂಬ ಮಾತು ಗಂಟಲಿನಿಂದ ತೆವಳಿಕೊಂಡು ಬಂತು.

ಗುರುವಾರ ತಮ್ಮನು ಕನ್ನಡಕವನ್ನು ಮನೆಯಲ್ಲೇ ಮರೆತು ಹೋಗಿದ್ದಾನೆಂದು ಅವನ ಹೆಂಡತಿ ಫೋನು ಮಾಡಿದಳು. ಅಕ್ಕ ಅದನ್ನು ಹಿಡಿದು ಅವನು ಕೆಲಸ ಮಾಡುತ್ತಿದ್ದ ದೊಡ್ಡ ವಸತಿ ಕಟ್ಟಡಕ್ಕೆ ಹೋದಳು. ಅಲ್ಲಿ ನಲವತ್ತೆಂಟು ಬಾಗಿಲು, ಬಾಗಿಲಿಗೆ ವರ್ಷಕ್ಕಿಷ್ಟು ಎಂದು ಅವನ ಗುತ್ತಿಗೆ. ಎಣ್ಣೆ ಡಬ್ಬಿ ಹಿಡಿದು ಒಬ್ಬ ಹೆಂಗಸಿನ ಹೊಸ್ತಿಲಲ್ಲಿ ಅವನು ವಾದಕ್ಕಿಳಿದಿದ್ದ.

"ನಮ್ಮ ಬೀಗ ಚೆನ್ನಾಗೇ ಇದೆ ಕಣಪ್ಪ, ಕೆಟ್ಟಾಗ ಕರೀತೀನಿ, ಹೋಗು."

"ಅದೆಲ್ಲ ಆಗಲ್ಲಮ್ಮ. ಈ ಬಾಗಿಲಿಗೆ ಅಂತ ದುಡ್ಡು ತಗೊಂಡಿದೀನಿ. ಮೂರು ತಿಂಗಳಿಗೊಮ್ಮೆ ಬಿಚ್ಚಿ ನೋಡಲೇಬೇಕು. ಇಲ್ದಿದ್ರೆ ತಿಂದಿದ್ದು ನನಗೆ ದಕ್ಕಲ್ಲ."

ಅಕ್ಕ ಕನ್ನಡಕ ಕೊಡಲಿಲ್ಲ. ಗೋಡೆಗೊರಗಿ ನಿಂತಳು.

"ಬಾಗಿಲಿಗಿಷ್ಟು ಅಂತ ತಗೊಂಡು, ನೀನು ಆರು ವರ್ಷ ಇತ್ತ ಬರದೇ ಇದ್ರೆ ಈಯಮ್ಮ ನಿನ್ನನ್ನ ಏನಂತಾರೆ?"

"ಕಳ್ಳ ಅಂತಾರೆ. ಅನ್ನಬೇಕು ಕೂಡ."

"ನಿನ್ನ ತಲೆಗೆ ಅಂತ ನಮ್ಮ ಡಾಕ್ಟರೂ ತಗೊಂಡಿದಾರೆ ಕಣೋ. ವರ್ಷ ವರ್ಷ. ಆರು ಸಲ. ನೀನು ಹೋದ್ರೆ ಅವರ ಕೈಯಿಂದ ಹೋಗೋದಲ್ಲ, ನಿನ್ನನ್ನ ನೋಡಲಿ ಅಂತಲೇ ಕೊಟ್ಟಿರೋ ದುಡ್ಡು ಅದು. ಅದರ ಅರ್ಥವೇ ಅದು."

ತಮ್ಮನ ಮುಖ ಕೆಂಪೇರಿತು. "ಆರು ವರ್ಷ? ಒಂದು ಸಲವೂ ಬಿಚ್ಚಿ ನೋಡದೆ?"

"ನೋಡದೆ. ಮೇಲೊಂದು ಪತ್ರ ಬೇರೆ ಕೊಟ್ಟು."

ಶುಕ್ರವಾರ ಬೆಳಿಗ್ಗೆ ಅವನು ದವಾಖಾನೆಗೆ ನುಗ್ಗಿದ ರೀತಿಗೆ ಮೇಷ್ಟ್ರು ಮೊಣಕಾಲು ಮರೆತು ಎದ್ದು ದಾರಿ ಬಿಟ್ಟರು. ಡಾಕ್ಟರ ಮುಂದೆ ಕೂತವನೇ ತೋಳು ಚಾಚಿದ. "ನೋಡಿ ಸರ್, ಪೂರ್ತಿ ನೋಡಿ. ಆರು ವರ್ಷದ್ದು ಬಾಕಿ ಇದೆ."

ಡಾಕ್ಟರು ನಗುನಗುತ್ತಲೇ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದರು. ಇನ್ನೊಮ್ಮೆ ನೋಡಿದರು. ಆಮೇಲೆ ನಗಲಿಲ್ಲ. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕಣ್ಣು ಮುಚ್ಚಿದರು.

"ಉಸಿರು ಕಟ್ಟೋದು ಯಾವಾಗಿನಿಂದ?"

"ಮೊನ್ನೆ ಮೊನ್ನೆಯಿಂದ," ಎಂದ ತಮ್ಮ.

"ಎಣ್ಣೆ ಬಿಟ್ರೆ ಸಾಕಾ, ಬೀಗವೇ ಬದಲಿಸಬೇಕಾ?" ಎಂದು ಅವನೇ ಮತ್ತೆ ಕೇಳಿದ. ದನಿ ಮಾತ್ರ ಸಣ್ಣಗಾಗಿತ್ತು.

"ಮೊನ್ನೆಯಿಂದ ಅಂದ್ರೆ ಎಣ್ಣೆಯಲ್ಲೇ ಆಗತ್ತೆ," ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟರು.

ಅಕ್ಕ ಅವನನ್ನು ಹೊರಗಿನ ಮೆಟ್ಟಿಲವರೆಗೆ ಕಳಿಸಲು ಬಂದಳು. ಎರಡು ಮೆಟ್ಟಿಲಿಳಿದವನು ಅಲ್ಲೇ ಕುಸಿದು ಕೂತ. ಗದ್ದಲವೆಲ್ಲ ಇಳಿದುಹೋಗಿತ್ತು.

"ಅಕ್ಕ, ಸುಳ್ಳು ಹೇಳ್ದೆ. ಒಂದು ವರ್ಷ ಆಯ್ತು. ರಾತ್ರಿ ಮಲಗೋಕೂ ಆಗಲ್ಲ, ದಿಂಬಿಗೊರಗಿ ಕೂತಿರ್ತೀನಿ. ಒಳಗೆ ಅಷ್ಟು ಹೇಳೋಕೆ ಯಾಕೋ ನಾಚಿಕೆ ಆಯ್ತು."

ಅಕ್ಕ ಬಯ್ಯಲಿಲ್ಲ. ಚೀಟಿಯನ್ನು ಅವನ ಕೈಯಿಂದ ತೆಗೆದುಕೊಂಡು ಸರಸರನೆ ಒಳಗೆ ಹೋದಳು. "ಮೊನ್ನೆಯಿಂದ ಅಲ್ಲ ಸರ್. ವರ್ಷದಿಂದ."

ಡಾಕ್ಟರು ಬರೆದದ್ದನ್ನು ಹೊಡೆದುಹಾಕಿದರು. ದೊಡ್ಡಾಸ್ಪತ್ರೆಯ ಹೃದಯದ ವೈದ್ಯರಿಗೆ ಫೋನು ಹಚ್ಚಿ, ಈಗಲೇ ಕಳಿಸುತ್ತೇನೆಂದರು. ಆಮೇಲೆ ತಾವೇ ಎದ್ದು ಹೋಗಿ, ಬಾಗಿಲನ್ನು ಬೆನ್ನಿನಿಂದ ಒತ್ತಿ ಹಿಡಿದು ನಿಂತು, ಮೆಟ್ಟಿಲ ಮೇಲಿದ್ದವನನ್ನು ಕರೆದರು.

"ಬಾರಪ್ಪ, ಇನ್ನೊಂದು ಸಲ ಒಳಗೆ ಬಾ."

ಆರು ವರ್ಷ ಬಾರದವನು ಒಂದೇ ಬೆಳಗಿನಲ್ಲಿ ಎರಡನೆಯ ಸಲ ಒಳಗೆ ಬಂದ, ಅಕ್ಕನ ಭುಜ ಹಿಡಿದುಕೊಂಡು.