ಒಂದು ಡ್ರ್ಯಾಗನ್ ಆರಿಸು

ಐವತ್ತೊಂಬತ್ತು ಕಾರ್ಡುಗಳು ಮೇಜಿನ ಮೇಲೆ ಸಾಲಾಗಿ ಕೂತವು. ಅರವತ್ತನೆಯದನ್ನು ಜಟ್ಟೆಪ್ಪ ಕೊನೆಗೆ ಇಟ್ಟ. ತಾಯಿ ಡ್ರ್ಯಾಗನ್. ಕೆಂಪು ಹೊಟ್ಟೆ, ಕರಿ ರೆಕ್ಕೆ, ಕಾಲಡಿಯಲ್ಲಿ ಒಡೆದ ಮೊಟ್ಟೆಯ ಚಿಪ್ಪು.

ಮಧ್ಯಾಹ್ನದ ಊಟದ ಹೊತ್ತು. ಪುಣೆಯ ಶನಿವಾರ ಪೇಠದ ಪ್ರೆಸ್ಸಿನಲ್ಲಿ ಯಂತ್ರಗಳೆಲ್ಲ ನಿಂತಿದ್ದವು. ಕಾಗದ ಕತ್ತರಿಸುವ ಮಷೀನು ಅವನ ಕೆಲಸದ ಜಾಗ, ಅದರ ಉದ್ದ ಮೇಜೇ ಅವನ ಆಟದ ಮೇಜು. ಈ ಆಟಕ್ಕೆ ಇಬ್ಬರು ಬೇಕು. ಇಬ್ಬರೂ ತಾವೇ ಕಟ್ಟಿದ ಅರವತ್ತು ಕಾರ್ಡಿನ ಡೆಕ್ ತಂದು ಎದುರುಬದುರು ಕೂರುತ್ತಾರೆ. ಕಿಡಿಯ ಕಾರ್ಡುಗಳು ಕೂಡಿಬಂದರೆ ಪ್ರಾಣಿ ಅಂಗಳಕ್ಕಿಳಿಯುತ್ತದೆ, ಪ್ರಾಣಿ ಎದುರಿನವನ ಜೀವ ತಿನ್ನುತ್ತದೆ. ಇಪ್ಪತ್ತು ಜೀವ ಮುಗಿದವನು ಸೋತ. ಸತ್ತ ಕಾರ್ಡುಗಳನ್ನು ಪಕ್ಕದಲ್ಲಿ ರಾಶಿ ಹಾಕುತ್ತಾರೆ. ಆ ರಾಶಿಗೆ ಎಲ್ಲರೂ ಇಂಗ್ಲಿಷಿನಲ್ಲಿ ಏನೋ ಅನ್ನುತ್ತಿದ್ದರು, ಜಟ್ಟೆಪ್ಪ ಮಾತ್ರ ಮಣ್ಣು ಅನ್ನುತ್ತಿದ್ದ.

ಅವನು ಕಟ್ಟಿದ್ದು ಬರೀ ಡ್ರ್ಯಾಗನ್‌ಗಳ ಡೆಕ್. ಕಟ್ಟಲು ಐದು ತಿಂಗಳು ಹಿಡಿದಿತ್ತು. ಕಿಡಿ ಇಪ್ಪತ್ನಾಲ್ಕು, ಮೊಟ್ಟೆ ಎಂಟು, ಮರಿ ಹನ್ನೆರಡು, ಮಂತ್ರ ಏಳು, ದೊಡ್ಡವು ಒಂಬತ್ತೇ ಒಂಬತ್ತು. ಆಟ ಕಲಿಯುವಾಗ ಅವನು ದೊಡ್ಡವನ್ನೇ ತುಂಬುತ್ತಿದ್ದ. ಕಿಡಿ ಸಾಲದೆ, ಕೈತುಂಬ ಡ್ರ್ಯಾಗನ್ ಹಿಡಿದುಕೊಂಡೇ ಸೋಲುತ್ತಿದ್ದ. "ಮನೇಲಿ ಎಲ್ಲಾ ಯಜಮಾನ್ರೇ ಆಗ್ಬಿಟ್ರೆ ಒಲೆ ಹಚ್ಚೋರ್ಯಾರು ಗುರೂ?" ಎಂದು ತಿದ್ದಿದವನು ಲತೇಶ್.

ಆ ಲತೇಶನನ್ನೇ ಈ ಭಾನುವಾರದ ಪಂದ್ಯದಲ್ಲಿ ಸೋಲಿಸಬೇಕು. ಸೋಲಿಸಿದ ಮೇಲೆ ಅಂಗಿಯ ಜೇಬಿನಲ್ಲಿರುವ ಚೀಟಿ ತೆಗೆದು, ಈ ಮೋಸಗಾರ ನನಗೆ ಏನು ಬರೆದುಕೊಟ್ಟಿದ್ದ ಕೇಳಿರಿ ಎಂದು ಇಡೀ ಕಾರ್ಡಿನ ಅಂಗಡಿಗೆ ಕೇಳುವಂತೆ ಓದಬೇಕು. ಡೆಕ್ ಕಟ್ಟಿದ್ದೇ ಅದಕ್ಕೆ.

"ಏನ್ಲೇ ಜಟ್ಟ್ಯಾ, ಹಲ್ಲಿಗೆ ರೆಕ್ಕಿ ಹಚ್ಕೋತ ಕುಂತೀ?" ಬೈಂಡಿಂಗ್ ಮಾಡುವ ಮುರುಗೆಪ್ಪ ರೊಟ್ಟಿ ಮುರಿಯುತ್ತ ಕೇಳಿದ.

"ಹಲ್ಲಿ ಅಲ್ಲ ಕಾಕಾ, ಡ್ರ್ಯಾಗನ್."

"ಬಾಯಿ ತಗದ್ರ ಬೆಂಕಿ ಉಗುಳತಾವಂತಲ್ಲ? ನಿಮ್ಮ ಮನ್ಯಾವರೇ ಅನ್ನು."

ಜಟ್ಟೆಪ್ಪ ನಗಲಿಲ್ಲ. ಅವನ ಸಿಟ್ಟು ಎಲ್ಲರಂತೆ ಮೂಗಿನ ತುದಿಯಲ್ಲಿ ಇರಲಿಲ್ಲ, ಕೈಯಲ್ಲೇ ಇತ್ತು. ಏಳನೆಯ ತರಗತಿವರೆಗೆ ಕನ್ನಡ ಶಾಲೆ. ಎಂಟಕ್ಕೆ ಬೇರೆ ಶಾಲೆಗೆ ಹಾಕಿದರು. ಅಲ್ಲಿ ಮಾಸ್ತರು ಇಂಗ್ಲಿಷ್ ಪಾಠ ಎದ್ದುನಿಂತು ಓದು ಅಂದರು. ಇವನು ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದ, ಇಡೀ ವರ್ಗ ನಕ್ಕಿತು. ಪುಸ್ತಕ ಬೀಸಿ ಒಗೆದು ಹೊರಬಿದ್ದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅಂದಿನಿಂದ ಇಂಗ್ಲಿಷಿಗೂ ಅವನಿಗೂ ಮಾತಿಲ್ಲ. ತನ್ನ ಸುತ್ತ ಯಾರು ನಕ್ಕರೂ ತನ್ನನ್ನೇ ನೋಡಿ ನಕ್ಕರು ಅನ್ನಿಸುತ್ತಿತ್ತು.

ಲತೇಶ್ ಹಾಸನದ ಕಡೆಯವನು, ಹಿಂಜೇವಾಡಿಯಲ್ಲಿ ಸಾಫ್ಟ್‌ವೇರ್ ಕೆಲಸ. ಹೋದ ವರ್ಷ ಕಾರ್ಡಿನ ಅಳತೆಗೆ ದಪ್ಪ ಕಾಗದ ಕತ್ತರಿಸಿಕೊಳ್ಳಲು ಪ್ರೆಸ್ಸಿಗೆ ಬಂದವನು, ಜಟ್ಟೆಪ್ಪ ಮುರುಗೆಪ್ಪನಿಗೆ ಬೈದ ಕನ್ನಡ ಕೇಳಿ ಅಲ್ಲೇ ನಿಂತುಬಿಟ್ಟ. ಆಟ ಕಲಿಸಿದವನು ಅವನೇ, ಸದಾಶಿವ ಪೇಠದಲ್ಲಿ ಸ್ವಪ್ನಿಲ್ ನಡೆಸುವ ಕಾರ್ಡಿನ ಅಂಗಡಿಗೆ ಕರೆದೊಯ್ದವನೂ ಅವನೇ. ಕಾರ್ಡಿನ ಮೇಲೆಲ್ಲ ಇಂಗ್ಲಿಷು. ಜಟ್ಟೆಪ್ಪ ಓದಲಾರೆನೆಂದು ಬಾಯಿಬಿಟ್ಟು ಹೇಳಿರಲಿಲ್ಲ, ಲತೇಶ್ ಕೇಳಲೂ ಇಲ್ಲ. ಒಂದು ದಿನ ಕಾರ್ಡಿಗೊಂದರಂತೆ ಕನ್ನಡದಲ್ಲಿ ಚೀಟಿ ಬರೆದು ತಂದ. ಮುತ್ತಿನಂಥ ಅಕ್ಷರ. ಆಡುವಾಗ ಚೀಟಿಯ ಕಟ್ಟು ಪಕ್ಕದಲ್ಲಿಟ್ಟುಕೊಳ್ಳಲು ಸ್ವಪ್ನಿಲ್ ಒಪ್ಪಿದ. ಲತೇಶ್ ತನ್ನ ತಾಯಿ ಡ್ರ್ಯಾಗನ್ನನ್ನೂ ಆಡಲು ಕೊಟ್ಟ. ಹೈಸ್ಕೂಲಿನಿಂದ ಕಾಪಾಡಿಕೊಂಡು ಬಂದ ಕಾರ್ಡು ಅದು.

ಕಳೆದ ಗಣಪತಿ ಹಬ್ಬದ ಮುಂಚಿನ ಪಂದ್ಯದಲ್ಲಿ ಜಟ್ಟೆಪ್ಪ ಕೊನೆಯ ಸುತ್ತಿಗೆ ಬಂದ. ಎದುರಿಗೆ ಅಭಿಲಾಷ ಎಂಬ ಕಾಲೇಜು ಹುಡುಗ. ಸುತ್ತ ನಿಂತವರು ಬಾಯಿ ಬಿಡುವಂತಿಲ್ಲ, ಬಿಟ್ಟರೆ ಯಾರಿಗೆ ಹೇಳಿಕೊಟ್ಟರೋ ಅವನ ಆಟ ರದ್ದು. ಜಟ್ಟೆಪ್ಪ ತಾಯಿಯನ್ನು ಇಳಿಸಿ ಚೀಟಿ ನೋಡಿದ.

*ತಾಯಿ ಬಂದಾಗ ನಿನ್ನ ಒಂದು ಡ್ರ್ಯಾಗನ್ ಆರಿಸು. ಅದರ ಬಲದಷ್ಟು ಎದುರಾಳಿಗೆ ಪೆಟ್ಟು.*

ಆರಿಸು. ದೀಪ ಆರಿಸಿದಂತೆ, ಒಲೆ ಆರಿಸಿದಂತೆ. ಬೆಂಕಿಯ ಪ್ರಾಣಿಯನ್ನು ಆರಿಸದೆ ಇನ್ನೇನು ಮಾಡುತ್ತಾರೆ? ಅವನು ತನ್ನ ಅತಿ ದೊಡ್ಡ ಡ್ರ್ಯಾಗನ್ನನ್ನು ಎತ್ತಿ ಮಣ್ಣಿಗೆ ಹಾಕಿ, ಅದರ ಬಲದಷ್ಟು ಪೆಟ್ಟು ಕೊಟ್ಟ. ಅಭಿಲಾಷನಿಗೆ ಮೂರು ಜೀವ ಉಳಿಯಿತು. ತಿರುಗಿ ಹೊಡೆಯಲು ಇವನ ಅಂಗಳದಲ್ಲಿ ದೊಡ್ಡದು ಉಳಿದಿರಲಿಲ್ಲ. ಎರಡೇ ಸರದಿಯಲ್ಲಿ ಸೋತ.

"ಅರೇ, ಸ್ವತಃಚಾಚ ಡ್ರ್ಯಾಗನ್ ಮಾರಲಾಸ! ಕಾ?" ಎಂದ ಅಭಿಲಾಷ. ನಿನ್ನ ಡ್ರ್ಯಾಗನ್ನನ್ನು ನೀನೇ ಯಾಕೆ ಕೊಂದೆ? ಕೊಲ್ಲು ಅಂತ ಕಾರ್ಡಿನಲ್ಲಿ ಎಲ್ಲಿದೆ? ಅಂಗಡಿ ನಕ್ಕಿತು. ಜಟ್ಟೆಪ್ಪ ತಲೆ ಎತ್ತಿ ನೋಡಿದಾಗ ಲತೇಶ್ ಇನ್ನೂ ಬಾಯಿಗೆ ಕೈ ಅಡ್ಡ ಹಿಡಿದೇ ನಿಂತಿದ್ದ.

ಅಷ್ಟು ಸಾಕಾಯಿತು.

ಮಾರನೆಯ ದಿನ ಲತೇಶ್ ಪ್ರೆಸ್ಸಿಗೆ ಬಂದ. "ಯಾಕೋ ಸಾಯಿಸ್ದೆ ಅದನ್ನ? ನಾನು ಸರಿಯಾಗೇ ಬರ್ದಿದ್ನಲ್ಲೋ—" ಅನ್ನುವಷ್ಟರಲ್ಲಿ ಜಟ್ಟೆಪ್ಪ ತಾಯಿ ಡ್ರ್ಯಾಗನ್ನನ್ನು ಬ್ಲೇಡಿನ ಕೆಳಗೆ ತಳ್ಳಿ ಮಷೀನು ಒತ್ತಿದ. ಸದ್ದು ಕೂಡ ಆಗಲಿಲ್ಲ. ಸಾವಿರ ಹಾಳೆ ಒಮ್ಮೆಗೆ ಕತ್ತರಿಸುವ ಬ್ಲೇಡಿಗೆ ಒಂದು ಕಾರ್ಡು ಯಾವ ಲೆಕ್ಕ. ಲತೇಶ್ ಎರಡು ತುಂಡನ್ನೂ ನೋಡಿದ, ಮೆಟ್ಟಿಲಿಳಿದು ಹೋದ.

"ಸಿಟ್ಟಿನ್ಯಾಗ ಕೊಯ್ಕೊಂಡ ಮೂಗು ಶಾಂತ ಆದ ಮ್ಯಾಲ ಬರ್ತದೇನ್ಲೇ?" ಎಂದಿದ್ದ ಮುರುಗೆಪ್ಪ ಅವತ್ತು.

"ಮೂಗು ಕೊಯ್ದಾಂವ ಅವ. ಓದು, ನೀನ ಓದು ಕಾಕಾ," ಎಂದು ಜಟ್ಟೆಪ್ಪ ಚೀಟಿಯನ್ನು ಅವನ ಮುಖಕ್ಕೆ ಹಿಡಿದಿದ್ದ.

ಇಂಡಿ ತಾಲೂಕಿನ ಮುರುಗೆಪ್ಪ ಕನ್ನಡಕ ಏರಿಸಿ ಓದಿದ. "ಆರಿಸು ಅಂತ ಅದ. ಆರಿಸು ಅಂದ್ರ ಆರಸೂದ. ಖರೇನಪಾ, ಮೋಸಾನ ಮಾಡ್ಯಾನ."

ಸಾಕ್ಷಿಯೂ ಸಿಕ್ಕಿತ್ತು. ಆವತ್ತಿನಿಂದ ಚೀಟಿ ಜೇಬಿನಲ್ಲೇ ಇತ್ತು. ಉಳಿದ ಚೀಟಿಗಳನ್ನು ಮಾತ್ರ ಹರಿಯಲು ಆಗಿರಲಿಲ್ಲ, ಅವಿಲ್ಲದೆ ಆಟವೇ ಇಲ್ಲ. ಎರಡು ಒಳ್ಳೆಯ ಕಾರ್ಡು ಸ್ವಪ್ನಿಲ್‌ಗೆ ಕೊಟ್ಟು ಬೇರೊಂದು ತಾಯಿಯನ್ನು ತಂದಿದ್ದ. ಲತೇಶನನ್ನು ಸೋಲಿಸಲು ಲತೇಶನ ಅಕ್ಷರವನ್ನೇ ಓದಿಕೊಂಡು ಡೆಕ್ ಕಟ್ಟುತ್ತಿದ್ದೇನೆ ಅನ್ನುವುದು ನೆನಪಾದಾಗಲೆಲ್ಲ ಅವನ ಸಿಟ್ಟು ಇನ್ನೊಂದು ಗೇಣು ಏರುತ್ತಿತ್ತು.

ಶನಿವಾರ ಮಧ್ಯಾಹ್ನ ಅವನು ಕೋಥರೂಡಿಗೆ ಹೋದ. ಅಲ್ಲಿ ಮಂಡ್ಯದ ಕಡೆಯ ಸರೋಜಮ್ಮ ಮೆಸ್ ನಡೆಸುತ್ತಿದ್ದರು. ಊಟದ ಕೂಪನ್ನುಗಳು ಈ ಪ್ರೆಸ್ಸಿನಲ್ಲೇ ಅಚ್ಚಾಗುತ್ತಿದ್ದವು. ಕಟ್ಟು ಇಳಿಸಿ ಹೊರಡುತ್ತಿದ್ದವನನ್ನು ಸರೋಜಮ್ಮ ತಡೆದರು.

"ಬಿಸ್ಲಲ್ಲಿ ಬಂದಿದೀಯ, ಕೂತ್ಕೊಳಪ್ಪ. ಮಜ್ಜಿಗೆ ತರ್ತೀನಿ. ಅಷ್ಟ್ರಲ್ಲಿ ಈ ಅಕ್ಕಿ ಒಸಿ ಆರಿಸ್ಕೊಡು, ಕೆಲ್ಸದೋಳು ಇವತ್ತು ಕೈ ಕೊಟ್ಲು."

ಜಟ್ಟೆಪ್ಪನಿಗೆ ನಗು ಬಂತು. "ಅಕ್ಕಿ ಆರಸೂದೇನ್ರಿ? ಯಾಕ, ಅಕ್ಕಿಗೆ ಬೆಂಕಿ ಹತ್ತೇದೇನು?"

"ಬೆಂಕಿ ಯಾಕಪ್ಪ ಹತ್ತುತ್ತೆ, ಬಿಡ್ತು ಅನ್ನು! ಕಲ್ಲು ಆರಿಸೋದು."

"ಅದಕ್ಕ ನಾವು ಹಸನ ಮಾಡೂದು ಅಂತೀವ್ರಿ. ಆರಸೂದು ಅಂದ್ರ ದೀಪಾ ಆರಸೂದು."

"ದೀಪಾನೂ ಆರಿಸ್ತೀವಿ, ಅಕ್ಕೀನೂ ಆರಿಸ್ತೀವಿ. ಅಂಗ್ಡೀಗ್ ಹೋದ್ರೆ ಸೀರೇನೂ ಆರಿಸ್ತೀವಿ. ಹತ್ತರಲ್ಲಿ ಬೇಕಾದ್ದು ಒಂದು ತಗೊಳ್ಳೋದು. ಓಟಲ್ಲಿ ಆರಿಸಿ ಬಂದ ಅನ್ನಲ್ವ?"

ಪುಣೆಯಲ್ಲೇ ಹುಟ್ಟಿ ಬೆಳೆದ ಜಟ್ಟೆಪ್ಪನ ಮನೆಯ ಮಾತಿನಲ್ಲಿ ಓಟು ಗೆದ್ದವರು ಮರಾಠಿಯಂತೆ 'ನಿವಡೂನ್' ಬರುತ್ತಿದ್ದರು. ಶಾಲೆಯ ಪುಸ್ತಕದಲ್ಲೆಲ್ಲೋ ಸರಿಯಾದುದನ್ನು ಆರಿಸಿ ಎಂದು ಓದಿದ್ದು ಬೆಂಕಿಯ ಪ್ರಾಣಿಯ ಮುಂದೆ ನೆನಪಾಗಿರಲಿಲ್ಲ. ಅವನ ಬೆರಳು ಮೊರದ ಅಕ್ಕಿಯಲ್ಲಿ ನಿಂತವು. ಮೊರವನ್ನು ಕೆಳಗಿಟ್ಟು, ಜೇಬಿನ ಚೀಟಿ ತೆಗೆದು ಅವರ ಕೈಗೆ ಕೊಟ್ಟ.

"ಇದು ಓದ್ರಿ ಅಮ್ಮಾರ. ಜೋರಾಗಿ ಓದ್ರಿ."

ಬೆವರಿಗೆ ಮಡಿಕೆಯ ಅಕ್ಷರ ಮಾಸಿದ್ದವು. ಸರೋಜಮ್ಮ ಬೆಳಕಿಗೆ ಹಿಡಿದು ಓದಿದರು. "ತಾಯಿ ಬಂದಾಗ ನಿನ್ನ ಒಂದು... ಇದೇನಪ್ಪ ಇದು, ಡ್ರ್ಯಾಗನ್? ಡ್ರ್ಯಾಗನ್ ಆರಿಸು."

"ಅಂದ್ರ?"

"ಅಂದ್ರೆ, ನಿನ್ ಹತ್ರ ಇರೋದ್ರಲ್ಲಿ ಯಾವ್ದಾದ್ರೂ ಒಂದು ತಗೋ ಅಂತ. ಇನ್ನೇನು?"

"ಸಾಯಿಸು ಅಂತ ಅಲ್ಲ?"

"ರಾಮ ರಾಮ! ಸಾಯಿಸು ಅಂತ ಎಲ್ಲಿದೆ ಇದ್ರಲ್ಲಿ? ಯಾರ್ ಬರ್ಕೊಟ್ಟಿದ್ದು, ಅಕ್ಷರ ಎಷ್ಟ್ ಚೆನ್ನಾಗಿದೆ."

ಮಜ್ಜಿಗೆ ಬರುವ ಮುಂಚೆಯೇ ಜಟ್ಟೆಪ್ಪ ಬೀದಿಗೆ ಬಿದ್ದಿದ್ದ. ಬಸ್ಸು ಹತ್ತಲಿಲ್ಲ. ಕೋಥರೂಡಿನಿಂದ ಪೇಠದವರೆಗೆ ನಡೆದೇ ಹೋದ. ಐದು ತಿಂಗಳು ಸಿಟ್ಟನ್ನು ಸಾಕಿ ಬೆಳೆಸಿದ್ದ, ಈಗ ಅದನ್ನು ಯಾರ ಮೇಲೆ ಬಿಡುವುದೆಂದು ತಿಳಿಯಲಿಲ್ಲ. ಮುರುಗೆಪ್ಪನ ಮೇಲೆ ಬಿಡೋಣವೆಂದರೆ ಅವನೂ ತನ್ನಂತೆಯೇ ಓದಿದವನು. ಚೀಟಿಯಲ್ಲಿ ತಪ್ಪಿರಲಿಲ್ಲ. ತಾನು ಓದಿದ್ದರಲ್ಲೂ ತಪ್ಪಿರಲಿಲ್ಲ, ಅವರವರ ಊರಿನ ಮಾತು. ಆದರೆ ಮಷೀನು ಒತ್ತಿದ ಕೈ ತನ್ನದೇ. ಅದಕ್ಕೆ ಯಾವ ಊರಿನ ಕನ್ನಡದಲ್ಲೂ ಎರಡು ಅರ್ಥವಿರಲಿಲ್ಲ.

ಭಾನುವಾರ ಹನ್ನೊಂದಕ್ಕೆ ಸ್ವಪ್ನಿಲ್ ಮೊದಲ ಸುತ್ತಿನ ಜೋಡಿಗಳನ್ನು ಕೂಗಿದ. ನಾಲ್ಕನೆಯ ಮೇಜಿಗೆ ಜಟ್ಟೆಪ್ಪ ಮತ್ತು ಲತೇಶ್. ಲತೇಶ್ ಬಂದು ಕೂತ. ತೆಳ್ಳಗಾಗಿದ್ದ.

"ಶಫಲ್ ಮಾಡು," ಎಂದ. ಹಿಂದಿನ ಗುರೂ ಇಲ್ಲ, ಮಗಾ ಇಲ್ಲ.

ಜಟ್ಟೆಪ್ಪ ಡೆಕ್ ಮುಟ್ಟಲಿಲ್ಲ. "ನಮ್ಮ ಕಡೆ ಆರಸೂದು ಅಂದ್ರ ದೀಪಾ ಆರಸೂದು."

"ಏನು?"

"ನೀ ಬರ್ದಿದ್ದಿ, ಡ್ರ್ಯಾಗನ್ ಆರಿಸು ಅಂತ. ನಾ ಅದನ್ನ ಆರಿಸೇಬಿಟ್ಟೆ. ದೀಪಾ ಆರಿಸಿದಂಗ. ನೀ ಬೇಕಂತನ ಹಂಗ ಬರ್ದು, ನಿಂತು ನಕ್ಕಿ ಅಂತ ತಿಳ್ದೆ."

ಲತೇಶ್ ತನ್ನ ಡೆಕ್ಕನ್ನು ಕೆಳಗಿಟ್ಟ. "ಅದಕ್ಕಾ?" ಎಂದ ಮೆಲ್ಲಗೆ. "ನಾನು ಅವತ್ತು ನಗ್ತಿರ್ಲಿಲ್ಲ. ಬಾಯಿ ಬಿಟ್ರೆ ನಿನ್ ಆಟ ಹೋಗ್ತಿತ್ತು. ಬಾಯಿ ಮುಚ್ಕೊಂಡು ನಿಂತಿದ್ದೆ."

"ಈಗ ತಿಳೀತು."

"ಮಾರನೇ ದಿನ ಅದನ್ನೇ ಕೇಳಕ್ ಬಂದಿದ್ದು."

"ತಪ್ಪಾತು," ಎಂದ ಜಟ್ಟೆಪ್ಪ. ಆ ಮಾತನ್ನು ಅವನು ಹೆತ್ತವ್ವನಿಗೂ ಹೇಳಿದವನಲ್ಲ. ಡೆಕ್ಕಿನಿಂದ ತಾಯಿಯನ್ನು ತೆಗೆದು ಮೇಜಿನ ಮೇಲೆ ಸರಿಸಿದ. "ಇದು ತಗೊ. ನಿಂದಕ್ಕ ಬದಲಿ."

ಲತೇಶ್ ಕಾರ್ಡನ್ನು ಒಂದು ಬೆರಳಿನಿಂದ ಹಿಂದಕ್ಕೆ ತಳ್ಳಿದ. "ಇದು ನಿಂದು. ನಂದು ಹೋಯ್ತು. ಕಾರ್ಡ್ ಹಾಳಾಗ್ಹೋಗ್ಲಿ. ಬ್ಲೇಡ್ ಇಳಿಸೋಕ್ ಮುಂಚೆ ಒಂದ್ ಮಾತು ಕೇಳ್ಬೋದಿತ್ತು ನೀನು. ಒಂದೇ ಒಂದ್ ಮಾತು."

ಜಟ್ಟೆಪ್ಪ ತಾಯಿಯನ್ನು ಮತ್ತೆ ಡೆಕ್ಕಿಗೆ ಸೇರಿಸಿ ಶಫಲ್ ಮಾಡಿದ.

"ಚಲಾ, ಸುರು ಕರಾ!" ಎಂದು ಸ್ವಪ್ನಿಲ್ ಕೂಗಿದ.

ಆಡಿದರು. ಡೆಕ್ ಕಟ್ಟಿದ ಹಾಗೆಯೇ ನಡೆಯಿತು. ಮೊಟ್ಟೆ ಹೊತ್ತಿಗೆ ಒಡೆಯಿತು, ಮರಿಗಳು ದಾರಿ ಕಟ್ಟಿ ನಿಂತವು, ಕಿಡಿ ಎಲ್ಲೂ ತಪ್ಪಲಿಲ್ಲ. ಎಂಟನೆಯ ಸರದಿಯಲ್ಲಿ ತಾಯಿ ಕೈಗೆ ಬಂದಳು. ಜಟ್ಟೆಪ್ಪ ಇಳಿಸಿದ.

"ಯಾವ್ದನ್ನ ಆರಿಸ್ತೀಯ?" ಎಂದು ಕೇಳಿದ ಲತೇಶ್. ಆಟದ ನಿಯಮದಂತೆ ಕೇಳಿದ, ಅಷ್ಟೇ.

ಜಟ್ಟೆಪ್ಪ ದೊಡ್ಡದನ್ನು ಬೆರಳಿಟ್ಟು ತೋರಿಸಿದ. ಅದು ಅಂಗಳದಲ್ಲೇ ನಿಂತಿತು. ಲತೇಶನ ಕೊನೆಯ ಏಳು ಜೀವ ಮುಗಿದವು. ಲತೇಶ್ ಫಲಿತಾಂಶದ ಹಾಳೆಯಲ್ಲಿ ಸಹಿ ಮಾಡಿ, ಕೈ ಕುಲುಕಿ, ತನ್ನ ಕಾರ್ಡುಗಳನ್ನು ಜೋಡಿಸಿಕೊಂಡು ಕಿಟಕಿಯ ಪಕ್ಕದ ಮೇಜಿಗೆ ಹೋದ. ಐದು ತಿಂಗಳಿಂದ ಕಾದ ಗೆಲುವು ಬಂದಿತ್ತು. ಜಟ್ಟೆಪ್ಪ ಅದನ್ನು ಏನು ಮಾಡುವುದೆಂದು ತಿಳಿಯದೆ ಕೂತಿದ್ದ.

ಎರಡನೆಯ ಸುತ್ತಿಗೆ ಎದುರು ಬಂದವನು ಅಭಿಲಾಷ. ಮೂರನೆಯ ಸರದಿಯಲ್ಲಿ ಅವನು ಹೊಸ ಕಾರ್ಡೊಂದನ್ನು ಇಳಿಸಿ, "ಠೀಕ ಹೈ ನಾ?" ಅಂದ. ನೀಲಿ ಹಿನ್ನೆಲೆ, ನಾಲ್ಕು ಸಾಲು ಇಂಗ್ಲಿಷ್. ಜಟ್ಟೆಪ್ಪ ಎಂದೂ ನೋಡದ ಕಾರ್ಡು, ಚೀಟಿಯೂ ಇಲ್ಲ. ಇಂಥ ಹೊತ್ತಿನಲ್ಲಿ ಅವನು ಗೊತ್ತಿದ್ದವನಂತೆ ತಲೆಯಾಡಿಸುತ್ತಿದ್ದ, ಆಮೇಲೆ ಪೆಟ್ಟು ಬಿದ್ದಾಗ ಕಲಿಯುತ್ತಿದ್ದ.

"ಥಾಂಬ," ಎಂದ. ತಡಿ. "ಮಲಾ ಇಂಗ್ರಜಿ ವಾಚತಾ ಯೇತ ನಾಹಿ. ವಾಚೂನ್ ದಾಖವ."

ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಓದಿ ತೋರಿಸು. ಪಕ್ಕದ ಮೇಜಿನಲ್ಲಿ ಯಾರೋ ಕಿಸಕ್ಕೆಂದರು. ಜಟ್ಟೆಪ್ಪನ ಕಿವಿ ಕಾದವು, ಮುಷ್ಟಿ ತಾನಾಗಿಯೇ ಬಿಗಿಯಿತು. ಅವನು ಎರಡೂ ಕೈಗಳನ್ನು ಮೇಜಿನ ಮೇಲೆ ಅಂಗೈ ಕೆಳಗಾಗಿ ಒತ್ತಿಕೊಂಡು ಕೂತ. ಕಿಟಕಿಯ ಬಳಿಯ ಲತೇಶ್ ತಲೆ ಎತ್ತಲಿಲ್ಲ.

ಅಭಿಲಾಷ ಕಾರ್ಡನ್ನು ತನ್ನ ಕಡೆ ತಿರುಗಿಸಿಕೊಂಡು ಮೊದಲ ಸಾಲು ಓದಿ ಮರಾಠಿಯಲ್ಲಿ ಹೇಳಿದ.

"ಪರತ," ಎಂದ ಜಟ್ಟೆಪ್ಪ. ಇನ್ನೊಮ್ಮೆ. "ಸಾವಕಾಶ."

ಅಭಿಲಾಷ ಮತ್ತೆ ಮೊದಲಿನಿಂದ ಓದತೊಡಗಿದ.